ಭಾಗವತರು ಪದ್ಯ ಹೇಳಿದಂತೆ
ಸಭೆಯಲ್ಲಿ ಮಾತಾಡಲು ಹೆದರಿ ನನ್ನ ಹತ್ತಿರ ಸಮಾಲೋಚನೆಗೆ ಬಂದವರೊಬ್ಬರ ಕಥೆ ಇದು. ಹೆಸರು, ಗುರುತು ಎಲ್ಲ ಬದಲಿಸಿದ್ದೇನೆ. ಗಣಪತಿ ಅಂತಿಟ್ಟುಕೊಳ್ಳಿ, ವಯಸ್ಸು 41. ಶಿರಸಿ ಸೀಮೆಯ ಒಂದು ಹಳ್ಳಿಯ ಸೊಸೈಟಿಯಲ್ಲಿ ವರ್ಷಗಟ್ಟಲೆ ಲೆಕ್ಕ ಬರೆದು, ಈಗ ಅಲ್ಲೇ ಮುಖ್ಯ ಕಾರ್ಯನಿರ್ವಾಹಕ. ಸೆಪ್ಟೆಂಬರ್ 25ರೊಳಗೆ ಸರ್ವಸಾಧಾರಣ ಸಭೆ ಆಗಲೇಬೇಕು, ವರದಿ ಇವರೇ ಓದಬೇಕು. ಹೋದ ವರ್ಷ ಗಂಟಲು ಕಟ್ಟಿದೆ ಅಂತ ಗುಮಾಸ್ತರ ಕೈಗೆ ಹಾಳೆ ಕೊಟ್ಟು ತಪ್ಪಿಸಿಕೊಂಡಿದ್ದರು.

"ಈ ಸಲ ಯಾವ ನೆಪ ಹೇಳಲಿ ಮೇಡಂ?"

ಮಾತು ಬಾರದವರೇನಲ್ಲ. ಬಿಳೆಗೋಟು ಅಡಿಕೆಯ ದರದ ಸುದ್ದಿ ತೆಗೆದೆ (ನಮ್ಮ ಮನೆಯಲ್ಲೂ ನಾಲ್ಕು ಅಡಿಕೆ ಮರ ಇದೆ), ಹತ್ತು ನಿಮಿಷ ನಿಲ್ಲಿಸಲೇ ಇಲ್ಲ. ಮೈಕ್ ಅಂದ ಕೂಡಲೇ ಮುಖ ಇಳಿಯಿತು. ಕೈ ನಡುಗುತ್ತದೆ, ಬಾಯಿ ಒಣಗುತ್ತದೆ, ಅದು ಎಲ್ಲರಿಗೂ ಕಾಣಿಸುತ್ತದೆ ಎಂಬ ಹೆದರಿಕೆ. ಅಪ್ಪ ತಾಳಮದ್ದಳೆಯ ಅರ್ಥಧಾರಿ, ಅಂದರೆ ವೇಷವಿಲ್ಲದೆ ಕೂತು, ಭಾಗವತರು ಹಾಡಿದ ಪದ್ಯಕ್ಕೆ ಮಾತಿನಲ್ಲೇ ಅರ್ಥ ಹೇಳುವವರು. "ಅಂಥವರ ಮಗ ಹೀಗಾ?" ಎಂದು ಶಾಲೆಯಲ್ಲಿ ಯಾರೋ ಅಂದದ್ದು ಇನ್ನೂ ಚುಚ್ಚುತ್ತಿತ್ತು.

ಎದೆ ಹೊಡೆದುಕೊಳ್ಳುವುದು ಅಡ್ರಿನಲಿನ್ ಎಂಬ ಹಾರ್ಮೋನಿನ ಕೆಲಸ, ಒಳಗೆ ಅನ್ನಿಸಿದಷ್ಟು ಹೊರಗೆ ಕಾಣುವುದಿಲ್ಲ ಎಂದೆ. ನಂಬಲಿಲ್ಲ. ಎರಡು ನಿಮಿಷ ನಿಲ್ಲಿಸಿ ಮಾತಾಡಿಸಿ, ಅವರದೇ ಮೊಬೈಲಿನಲ್ಲಿ ವಿಡಿಯೊ ಮಾಡಿ ತೋರಿಸಿದೆ. ಮೂರು ಸಲ ನೋಡಿದರು. "ನಡುಗಿದ್ದು ಅಷ್ಟೇನೂ ಕಾಣೋದಿಲ್ಲ ಅಲ್ವಾ?" ಎಂದರು. ನೆಪ ಹೇಳಿ ತಪ್ಪಿಸಿಕೊಂಡಾಗ ಆ ಕ್ಷಣ ಹಗುರ ಆಗುತ್ತದೆ, ಹೆದರಿಕೆ ಬೆಳೆಯುವುದೂ ಅಲ್ಲೇ. ಇದನ್ನು ಮಾತ್ರ ಅವರು ತಕ್ಷಣ ಒಪ್ಪಿದರು.

ಜೇಬಿನಲ್ಲಿ ನಡುಕಕ್ಕೆಂದು ಯಾರೋ ಕೊಟ್ಟ ಮಾತ್ರೆ ಇತ್ತು. ಇವರಿಗೆ ಅಸ್ತಮಾ ಬೇರೆ! ಅಂಥ ಕೆಲವು ಮಾತ್ರೆ ಅಸ್ತಮಾ ಇದ್ದವರಿಗೆ ಅಪಾಯ. ಡಾಕ್ಟರನ್ನು ಕೇಳದೆ ನುಂಗಬೇಡಿ ಎಂದು ಸ್ವಲ್ಪ ಗದರಿದೆ.

ಇಡೀ ವರದಿಯನ್ನು ಬಾಯಿಪಾಠ ಮಾಡುತ್ತಿದ್ದರು. ಒಂದು ಪದ ತಪ್ಪಿದರೆ ಮುಂದಿನದೆಲ್ಲ ಮಾಯ.

"ನಿಮ್ಮ ಅಪ್ಪ ಅರ್ಥವನ್ನು ಬಾಯಿಪಾಠ ಮಾಡ್ತಿದ್ದರಾ?"

"ಛೆ, ಇಲ್ಲ. ಭಾಗವತರು ಪದ್ಯ ಹೇಳ್ತಾರೆ. ಎದುರಿನವರು ಏನು ಅಂದರು ಅಂತ ಕೇಳಿ ಮಾತು ಕಟ್ಟೋದು."

ನಮಗೆ ಬೇಕಾದದ್ದು ಸಿಕ್ಕಿತು. ಸಾಲ, ವಸೂಲಿ, ಠೇವಣಿ, ಲಾಭ, ಡಿವಿಡೆಂಡ್ ಎಂದು ಐದು ಚೀಟಿ ಮಾಡಿದೆವು. ಒಂದೊಂದೂ ಒಂದೊಂದು ಪದ್ಯ. ಚೀಟಿ ನೋಡಿ, ತಲೆ ಎತ್ತಿ, ಸಭೆಯ ಒಬ್ಬರ ಮುಖ ನೋಡಿ ಅರ್ಥ ಹೇಳಬೇಕು. ಅಂಕಿ ಮಾತ್ರ ಓದಬೇಕು. ಪುಸ್ತಕದ ಭಾಷೆ ಬೇಡ, ಕೌಂಟರಿನಲ್ಲಿ ಸದಸ್ಯರಿಗೆ ಹೇಳುವ ಹಾಗೇ ಸಾಕು. ಏಳುವ ಮೊದಲು ನಾಲ್ಕೈದು ಸಲ ಉಸಿರನ್ನು ನಿಧಾನ ಹೊರಗೆ ಬಿಡಬೇಕು.

ಇಲ್ಲಿ ನಾನೂ ಅವಸರ ಮಾಡಿದೆ. ನೆಂಟರ ಮನೆಯ ಕಾರ್ಯಕ್ರಮದಲ್ಲಿ ನಾಲ್ಕು ಮಾತಾಡಿ ಎಂದು ಮೊದಲ ವಾರವೇ ಕಳಿಸಿದೆ. ಅವರು ಎದ್ದೇ ಇಲ್ಲ. ಮತ್ತೆ ಕೆಳಗಿನ ಮೆಟ್ಟಿಲಿಗೆ ಬಂದೆವು: ಮನೆಯಲ್ಲಿ ಹೆಂಡತಿ, ಮಗಳ ಎದುರು ಒಂದು ಚೀಟಿ, ಆಮೇಲೆ ಸಿಬ್ಬಂದಿಯ ಎದುರು ಎರಡು, ಆಡಳಿತ ಮಂಡಳಿ ಸಭೆಯಲ್ಲಿ ಮೂರು.

ಸಭೆಯ ಸಂಜೆ ಫೋನ್ ಬಂತು. ಎರಡನೇ ಚೀಟಿಯಲ್ಲಿ ತಡವರಿಸಿದರಂತೆ. ವಸೂಲಿ ವಿಷಯಕ್ಕೆ ಒಬ್ಬ ಸದಸ್ಯರು ಎದ್ದು ತಕರಾರು ತೆಗೆದರು. ಉತ್ತರ ಕೊಡುತ್ತ ಕೊಡುತ್ತ ಕೈ ನಡುಗುತ್ತಿದೆಯಾ ಅಂತ ನೋಡುವುದೇ ಮರೆತುಹೋಯಿತಂತೆ.

"ಮುಂದಿನ ವಾರ ಬರ್ತೇನೆ ಮೇಡಂ. ಅಪ್ಪನ ಹತ್ತಿರ ಒಂದು ವಿಷಯ ಮಾತಾಡೋದಿದೆ, ಅದಕ್ಕೆ ಎಷ್ಟು ಚೀಟಿ ಬೇಕೋ ಗೊತ್ತಿಲ್ಲ."