ರೆಕ್ಕೆ ಮುಚ್ಚಿ ಕೂತಾಗ ಒಂದು ಫೋಟೋ ತೆಗೆಯಿರಿ ಸರ್

ಪುಣೆಯ ವೇತಾಳ ಟೇಕಡಿ ಗುಡ್ಡದಲ್ಲಿ ತೆಗೆದ ನೀಲಿ ಚಿಟ್ಟೆ ಪೇಲ್ ಗ್ರಾಸ್ ಬ್ಲೂ ಹೌದೋ, ಅದನ್ನೇ ಹೋಲುವ ಲೆಸ್ಸರ್ ಗ್ರಾಸ್ ಬ್ಲೂ ಹೌದೋ ಅಂತ ಕೇಳಿದ್ದೀರಿ. ಫೋಟೋ ಚೆನ್ನಾಗಿದೆ, ಆದರೆ ರೆಕ್ಕೆ ಬಿಚ್ಚಿಕೊಂಡಿದೆ. ಮೇಲಿನ ನೀಲಿ ನೋಡಿ ಹೆಸರು ಹೇಳಬೇಡಿ. ಬಿಸಿಲು ಬಿದ್ದಂತೆ ಅದು ಬದಲಾಗಿ ಕಾಣುತ್ತದೆ. ಹೆಣ್ಣುಗಳಲ್ಲಂತೂ ಕಂದು ಬಣ್ಣವೇ ಜಾಸ್ತಿ.

ಗುರುತೆಲ್ಲ ಇರುವುದು ರೆಕ್ಕೆಯ ಅಡಿಭಾಗದಲ್ಲಿ. ಮುಂದಿನ ರೆಕ್ಕೆಯ ನಡುವೆ ಒಂದು ಗಿಡ್ಡ ಅಡ್ಡಗೆರೆ ಇರುತ್ತದೆ. ಆ ಗೆರೆಗೂ ಚಿಟ್ಟೆಯ ಮೈಗೂ ನಡುವೆ ಒಂಟಿ ಚುಕ್ಕಿ ಇದೆಯಾ ನೋಡಿ. ಇದ್ದರೆ ಪೇಲ್, ಇಲ್ಲದಿದ್ದರೆ ಲೆಸ್ಸರ್. ಲೆಸ್ಸರ್‌ನ ಹಿಂದಿನ ರೆಕ್ಕೆಯಲ್ಲಿ, ಚುಕ್ಕಿಗಳ ಸಾಲಿನ ಮೇಲ್ತುದಿಯ ಹತ್ತಿರ ಒಂದು ಚುಕ್ಕಿ ಸಾಲು ಬಿಟ್ಟು ಒಳಗೆ ಸರಿದಿರುತ್ತದೆ. ನನಗೆ ಇದೇ ಹೆಚ್ಚು ನಂಬಿಕೆಯ ಗುರುತು. ಆದರೆ ಮುಂದಿನ ರೆಕ್ಕೆಯ ಆ ಒಂಟಿ ಚುಕ್ಕಿ ಡಾರ್ಕ್ ಗ್ರಾಸ್ ಬ್ಲೂ ಅನ್ನುವ ಇನ್ನೊಂದು ಚಿಟ್ಟೆಯಲ್ಲೂ ಇರುತ್ತದೆ, ಅದನ್ನು ಮರೆಯಬೇಡಿ.

ಸುತ್ತ ಮೂರೆಲೆಯ, ಹಳದಿ ಹೂವಿನ ಹುಳಿಸೊಪ್ಪು ಇತ್ತಾ? ಮರಾಠಿಯಲ್ಲಿ ಆಂಬುಶಿ ಅಂತಾರಲ್ವಾ, ಅದೇ. ಪೇಲ್‌ನ ಮರಿಹುಳು ಹೆಚ್ಚಾಗಿ ತಿನ್ನುವುದು ಅದನ್ನೇ. ಬೆಳಿಗ್ಗೆ ಹೋಗಿ, ಹುಲ್ಲಿನ ಮಟ್ಟಕ್ಕೆ ಬಗ್ಗಿ, ಪಕ್ಕದಿಂದ ತೆಗೆಯಿರಿ. ಸಿಕ್ಕರೆ ಖಂಡಿತ ಇಲ್ಲಿ ಹಾಕಿ, ನೋಡುತ್ತೇನೆ.