ಮಡಿವಾಳನ ತೆಳು ಮೊಟ್ಟೆ, ನಮ್ಮ ಬೋರ್ಡೋ

ಸಕಲೇಶಪುರದ ಅಣ್ಣಾ, ನಿಮ್ಮ ಪ್ರಶ್ನೆ ಓದಿದೆ. ತೋಟಕ್ಕೆ ಬೋರ್ಡೋ (ತಾಮ್ರದ ಲವಣವಾದ ಮೈಲುತುತ್ತವನ್ನು ಸುಣ್ಣದ ಜೊತೆ ಕಲಸಿದ ರೋಗದ ಔಷಧಿ) ಹೊಡೆದ ವಾರಕ್ಕೆ ಕೂಲಿಯವರ ಲೈನ್ ಮನೆ ಗೋಡೆಯ ತೂತಿನಲ್ಲಿ ಮಡಿವಾಳ ಹಕ್ಕಿಯ ಎರಡು ಮೊಟ್ಟೆ ಒಡೆದಿದ್ದವು, ಸಿಪ್ಪೆ ತೀರಾ ತೆಳು, ಇದು ತಾಮ್ರದ ವಿಷವೇ ಅಂತ ಕೇಳಿದ್ದೀರಿ.

ಒಂದು ಸಲ ಹೊಡೆದಿದ್ದಕ್ಕೇ ಹೀಗಾಯ್ತು ಅಂತ ನನಗೆ ಅನ್ನಿಸುವುದಿಲ್ಲ. ಹಾಗಂತ ತಾಮ್ರವನ್ನು ಬಿಟ್ಟುಬಿಡುವ ಹಾಗೂ ಇಲ್ಲ. ಅದು ಹಕ್ಕಿಗೆ ಮುಟ್ಟುವುದು ಮಣ್ಣಿನ ದಾರಿಯಲ್ಲಿ.

ಫಿನ್‌ಲೆಂಡಿನ ಹರ್ಯವಾಲ್ಟ ಎಂಬ ಊರಲ್ಲಿ ತಾಮ್ರ ಕರಗಿಸುವ ಕಾರ್ಖಾನೆ ಇದೆ. ಅದರ ಸುತ್ತಲಿನ ಕಾಡಿನಲ್ಲಿ ನೊಣಹಿಡುಕ ಹಕ್ಕಿಗಳ ಮೊಟ್ಟೆಯ ಸಿಪ್ಪೆ ತೆಳುವಾಗಿತ್ತು. ಕೆಲವು ಮರಿಗಳ ಕಾಲಿನ ಮೂಳೆಯೇ ಸರಿಯಾಗಿ ಬೆಳೆಯುತ್ತಿರಲಿಲ್ಲ. ವಿಷದ ಜೊತೆ ಅಲ್ಲಿ ಇನ್ನೊಂದು ತೊಂದರೆ ಇತ್ತು: ಬಸವನಹುಳು ಕಡಿಮೆಯಾಗಿದ್ದವು. ಸಣ್ಣ ಹಕ್ಕಿಗಳು ಮೊಟ್ಟೆಗೆ ಬೇಕಾಗುವಷ್ಟು ಸುಣ್ಣದಂಶವನ್ನು ಮೈಯಲ್ಲಿ ಕೂಡಿಡುವುದಿಲ್ಲ. ಮೊಟ್ಟೆ ಇಡುವ ದಿನಗಳಲ್ಲಿ ಚಿಪ್ಪಿನ ಚೂರು ಹುಡುಕಿಯೇ ತಿನ್ನಬೇಕು. 1990ರ ದಶಕದಲ್ಲಿ ಹೊಗೆ, ಧೂಳು ಹತೋಟಿಗೆ ಬಂದ ಮೇಲೆ ಹಕ್ಕಿಗಳೂ ಚೇತರಿಸಿಕೊಂಡವು. (ಆಫ್ರಿಕನ್ ಬಸವನಹುಳು ಕಂಡರೆ ನಮಗೆ ಮೈ ಉರಿಯುತ್ತದೆ, ಸರಿ. ನಾನು ಹೇಳುತ್ತಿರುವುದು ದರಗಿನ ಅಡಿ ಇರುವ ಕಡಲೆಬೇಳೆ ಗಾತ್ರದವು.)

ನಮ್ಮ ತೋಟದ ಕಥೆ ಅಷ್ಟು ಕೆಟ್ಟಿಲ್ಲ. ಆದರೆ ಲೆಕ್ಕ ಹಾಕಿ ನೋಡಿ. ಮೈಲುತುತ್ತದಲ್ಲಿ ಕಾಲು ಭಾಗ ತಾಮ್ರ. ಶೇ. 1ರ ಬೋರ್ಡೋಗೆ 200 ಲೀಟರ್ ಬ್ಯಾರೆಲ್ಲಿಗೆ 2 ಕೆಜಿ ಹಾಕುತ್ತೀವಿ, ಅಂದರೆ ಬ್ಯಾರೆಲ್ಲಿಗೆ ಅರ್ಧ ಕೆಜಿ ತಾಮ್ರ. ಅದು ಕೊಳೆಯುವ ವಸ್ತು ಅಲ್ಲ. ಅಜ್ಜನ ಕಾಲದಲ್ಲಿ ಹೊಡೆದಿದ್ದೂ ಹೆಚ್ಚುಪಾಲು ಮೇಲ್ಮಣ್ಣಿನಲ್ಲೇ ಕೂತಿರುತ್ತದೆ. ಮಣ್ಣು ಹುಳಿಯಾದಷ್ಟೂ ಅದರ ಕಾಟ ಜಾಸ್ತಿ, ಮೊದಲು ಏಟು ಬೀಳುವುದು ಎರೆಹುಳುವಿಗೆ. ಮಡಿವಾಳ ನೆಲ ಕುಕ್ಕಿ ತಿನ್ನುವ ಹಕ್ಕಿ ಅಲ್ವಾ?

ಬೋರ್ಡೋ ಬಿಡಿ ಅಂತ ನಾನು ಹೇಳಲ್ಲ, ಕೊಳೆರೋಗ ಬಂದರೆ ಗೊತ್ತಲ್ಲ. ಮಾಡುವುದನ್ನು ಸರಿಯಾಗಿ ಮಾಡಿ. ಕಲಸಿದ ಮೇಲೆ ಚೆನ್ನಾಗಿ ಉಜ್ಜಿದ ಕಬ್ಬಿಣದ ಚಾಕುವನ್ನು ಒಂದು ನಿಮಿಷ ಅದ್ದಿ. ಅಲಗಿಗೆ ಕೆಂಪು ಹತ್ತಿದರೆ ತಾಮ್ರ ಬಿಡಿಯಾಗಿದೆ, ಇನ್ನಷ್ಟು ಸುಣ್ಣ ಹಾಕಿ. ಕಾಫಿಯ ಎಲೆ ತುಕ್ಕಿಗೆ ಶೇ. 0.5 ಸಾಕು. ಮೆಣಸಿನ ಬಳ್ಳಿಗೆ ಅಂತ ಕಲಸಿದ ಶೇ. 1ರದ್ದನ್ನೇ ಉಳಿಯಿತು ಅಂತ ಕಾಫಿಗೂ ಸುರಿಯಬೇಡಿ. ಮಣ್ಣು ಪರೀಕ್ಷೆಗೆ ಕೊಡುವಾಗ ತಾಮ್ರವನ್ನೂ ನೋಡಿ ಅಂತ ಬಾಯಿಬಿಟ್ಟು ಹೇಳಿ. ಹುಳಿ ಇದ್ದರೆ ಅವರು ಹೇಳಿದಷ್ಟು ಸುಣ್ಣ ಕೊಡಿ.

ಬ್ಯಾರೆಲ್ಲನ್ನು ಹಳ್ಳದಲ್ಲಿ ಮಾತ್ರ ತೊಳೆಯಬೇಡಿ. ಒಂದು ವರ್ಷ ನಾನೇ ಆ ತಪ್ಪು ಮಾಡಿದೆ. ಮಾರನೇ ಬೆಳಿಗ್ಗೆ ಕಲ್ಲಿನ ಸಂದಿಯಲ್ಲಿ ಏಡಿಗಳು ಹೊಟ್ಟೆ ಮೇಲಾಗಿ ಬಿದ್ದಿದ್ದವು, ನೀಲಿ ಗಸಿ ಇನ್ನೂ ಅಲ್ಲೇ ಅಂಟಿತ್ತು. ಈಗ ತೊಳೆದ ನೀರನ್ನು ಮುಂದಿನ ಬ್ಯಾರೆಲ್ಲಿಗೇ ಸೇರಿಸುತ್ತೇನೆ.

ಹಕ್ಕಿಗೆ ಸದ್ಯಕ್ಕೆ ಇಷ್ಟು ಮಾಡಿ. ಕೋಳಿಮೊಟ್ಟೆ ಸಿಪ್ಪೆಯನ್ನು ಬಾಣಲೆಯಲ್ಲಿ ಹುರಿದು, ಅಕ್ಕಿನುಚ್ಚಿನಷ್ಟು ಪುಡಿ ಮಾಡಿ, ಚಪ್ಪಡಿ ಕಲ್ಲಿನ ಮೇಲೆ ಹರಡಿ. ಅದು ಇನ್ನೊಮ್ಮೆ ಮೊಟ್ಟೆ ಇಟ್ಟರೆ ಗೂಡಿಗೆ ಪದೇ ಪದೇ ಇಣುಕಬೇಡಿ. ಕಾಗೆ ನಿಮ್ಮನ್ನೇ ನೋಡಿಕೊಂಡು ಜಾಗ ಗುರುತು ಮಾಡುತ್ತದೆ.