‘ಹೃದಯವೆಂಬ ವಿಸ್ಮಯ’ ಕಳಿಸಿದವರಿಗೆ

ನಮಸ್ಕಾರ.

ಹೃದಯದ ಮುಖ್ಯ ರಕ್ತನಾಳಗಳ ಬಗ್ಗೆ ಹೈಸ್ಕೂಲ್ ಮಕ್ಕಳಿಗಾಗಿ ನೀವು ಬರೆದ ಲೇಖನ ಓದಿದೆವು. ಈಗಿರುವ ಹಾಗೆ ಹಾಕಿಕೊಳ್ಳಲು ಆಗದು, ತಿದ್ದಿ ಕಳಿಸಿದರೆ ಖಂಡಿತ ನೋಡುತ್ತೇವೆ. ಮೊದಲ ಎರಡು ಪ್ಯಾರಾ ಪ್ರೀತಿ, ಕರುಣೆ, ಕವಿಹೃದಯ ಅಂತ ಸುತ್ತಾಡಿಕೊಂಡು ಬರುತ್ತವೆ. ಅವನ್ನು ತೆಗೆದುಬಿಡಿ.

ದೊಡ್ಡ ತೊಂದರೆ ಮೂರನೆಯದರಲ್ಲಿದೆ. ‘ಅಪಧಮನಿಯಲ್ಲಿ ಶುದ್ಧ ರಕ್ತ, ಅಭಿಧಮನಿಯಲ್ಲಿ ಅಶುದ್ಧ ರಕ್ತ’ ಎಂದು ಬರೆದು, ಮುಂದಿನ ಪುಟದಲ್ಲಿ, ‘ಅಶುದ್ಧ’ ರಕ್ತವನ್ನು ಶ್ವಾಸಕೋಶಕ್ಕೆ ಒಯ್ಯುವ ಪುಪ್ಪುಸ ಅಪಧಮನಿಯನ್ನು ‘ವಿಚಿತ್ರ ಅಪವಾದ’ ಅಂದಿದ್ದೀರಿ. ಅದು ಅಪವಾದವೇ ಅಲ್ಲ. ಹೃದಯದಿಂದ ರಕ್ತ ಒಯ್ಯುವುದು ಅಪಧಮನಿ, ಹೃದಯಕ್ಕೆ ತರುವುದು ಅಭಿಧಮನಿ. ಹೀಗೆ ದಿಕ್ಕು ಹಿಡಿದು ಹೇಳಿದರೆ ಪುಪ್ಪುಸ ಅಪಧಮನಿ, ನಾಲ್ಕು ಪುಪ್ಪುಸ ಅಭಿಧಮನಿಗಳು, ಅಷ್ಟೇಕೆ, ಗರ್ಭದ ಮಗುವಿನ ಹೊಕ್ಕುಳಬಳ್ಳಿಯ ನಾಳಗಳೂ ತಕರಾರಿಲ್ಲದೆ ಹೊಂದುತ್ತವೆ. ‘ಅಶುದ್ಧ’ ಎನ್ನುವ ರಕ್ತದಲ್ಲೂ, ಮನುಷ್ಯ ಸುಮ್ಮನೆ ಕೂತಿರುವಾಗ, ಹಿಮೋಗ್ಲೋಬಿನ್ ಶೇ 70–75ರಷ್ಟು ಆಮ್ಲಜನಕ ಹೊತ್ತುಕೊಂಡೇ ಇರುತ್ತದೆ. ಅದರ ಬಣ್ಣ ಕಡುಗೆಂಪು. ಚಿತ್ರದಲ್ಲಿ ನೀಲಿ ಬಳಿಯಿರಿ, ಅಡ್ಡಿಯಿಲ್ಲ, ಆದರೆ ಅದು ಗುರುತಿಗಷ್ಟೇ ಎಂದು ಚಿತ್ರದ ಕೆಳಗೆ ಬರೆಯಿರಿ.

ನಾಳಗಳನ್ನು ಅಕಾರಾದಿಯಾಗಿ ಜೋಡಿಸಿದ್ದು ನಿಘಂಟಿಗೆ ಸರಿ. ಇಲ್ಲಿ ರಕ್ತ ಹರಿಯುವ ಕ್ರಮವೇ ಬರವಣಿಗೆಯ ಕ್ರಮವಾಗಲಿ: ಊರ್ಧ್ವ ಮತ್ತು ಅಧೋ ಮಹಾಅಭಿಧಮನಿ, ಬಲ ಹೃತ್ಕರ್ಣ (ಹೃದಯದ ಮೇಲಿನ ಕೋಣೆ), ಬಲ ಹೃತ್ಕುಕ್ಷಿ (ಕೆಳಗಿನ ಕೋಣೆ), ಪುಪ್ಪುಸ ಅಪಧಮನಿ, ಶ್ವಾಸಕೋಶ, ಪುಪ್ಪುಸ ಅಭಿಧಮನಿ, ಎಡ ಹೃತ್ಕರ್ಣ, ಎಡ ಹೃತ್ಕುಕ್ಷಿ, ದೇಹಕ್ಕೆಲ್ಲ ರಕ್ತ ಒಯ್ಯುವ ಮಹಾಪಧಮನಿ. ಎಡಭಾಗ ಹೆಚ್ಚು ರಕ್ತ ತಳ್ಳುತ್ತದೆ ಎಂಬ ನಿಮ್ಮ ಮಾತು ತಪ್ಪು. ವಿಶ್ರಾಂತಿಯಲ್ಲಿ ಎರಡೂ ಕಡೆ ಬಡಿತಕ್ಕೆ ಸುಮಾರು 70 ಮಿ.ಲೀ., ನಿಮಿಷಕ್ಕೆ ಸುಮಾರು 5 ಲೀಟರ್. ವ್ಯತ್ಯಾಸ ಇರುವುದು ಒತ್ತಡದಲ್ಲಿ: ಮಹಾಪಧಮನಿಯಲ್ಲಿ 120/80 ಮಿ.ಮೀ. ಪಾದರಸ, ಪುಪ್ಪುಸ ಅಪಧಮನಿಯಲ್ಲಿ ಸುಮಾರು 25/10. ಎಡ ಹೃತ್ಕುಕ್ಷಿಯ ಗೋಡೆ ಅಷ್ಟು ದಪ್ಪ ಯಾಕೆ ಎಂಬುದಕ್ಕೆ ಉತ್ತರ ಇಲ್ಲೇ ಸಿಗುತ್ತದೆ.

ಹೃದಯಕ್ಕೇ ರಕ್ತ ಕೊಡುವ ಕರೋನರಿ ಅಪಧಮನಿಗಳ ಸುದ್ದಿಯೇ ಇಲ್ಲದ್ದು ನಮಗೆ ಆಶ್ಚರ್ಯ. ಹೃದಯದೊಳಗೆ ಇಷ್ಟು ರಕ್ತ ತುಂಬಿದ್ದರೂ, ಒಳಗಿನ ತೀರ ತೆಳು ಪದರ ಬಿಟ್ಟರೆ ಅದರ ಸ್ನಾಯುವಿಗೆ ಆ ರಕ್ತ ದಕ್ಕುವುದಿಲ್ಲ. ಮಹಾಪಧಮನಿಯ ಬುಡದಲ್ಲಿ, ಕವಾಟದ ಸ್ವಲ್ಪ ಮೇಲೆ, ಬಲಕ್ಕೊಂದು ಎಡಕ್ಕೊಂದು ಕರೋನರಿ ಅಪಧಮನಿ ಹೊರಡುತ್ತವೆ. ಇವುಗಳ ಕವಲು ಕಟ್ಟಿಕೊಂಡರೆ ಹೃದಯಾಘಾತ. ನೀವು ಮಹಾಪಧಮನಿಯನ್ನು ಪಿವಿಸಿ ಪೈಪಿಗೆ ಹೋಲಿಸಿದ್ದೀರಿ, ಆ ಹೋಲಿಕೆ ಇಲ್ಲಿ ಕೈಕೊಡುತ್ತದೆ. ಮಹಾಪಧಮನಿ ಪ್ರತಿ ಬಡಿತಕ್ಕೂ ಹಿಗ್ಗಿ, ಹೃದಯ ಸಡಿಲವಾದಾಗ ಕುಗ್ಗುತ್ತದೆ. ಆ ಕುಗ್ಗುವಿಕೆಯೇ ರಕ್ತವನ್ನು ಮುಂದಕ್ಕೂ ಕರೋನರಿಗಳ ಒಳಕ್ಕೂ ನೂಕುವುದು. ಎಡ ಹೃತ್ಕುಕ್ಷಿಯ ಸ್ನಾಯುವಿಗೆ ಹೆಚ್ಚಿನ ರಕ್ತ ಸಿಗುವುದು ಅದು ಸಂಕುಚಿಸುವಾಗಲ್ಲ, ಸಡಿಲವಾದಾಗ. ಇದಕ್ಕೊಂದು ಪೂರ್ತಿ ಪ್ಯಾರಾ ಕೊಡಿ.

ಚಿತ್ರದಲ್ಲಿ ಎಡ ಬಲ ಅದಲುಬದಲಾಗಿದೆ. ಎದುರು ನಿಂತವನ ಹೃದಯ ಅದು, ಅವನ ಬಲಭಾಗ ನೋಡುವವರ ಎಡಕ್ಕೆ ಬರಬೇಕು. ಮೊದಲು ‘ಬಲ’, ‘ಎಡ’ ಎಂಬ ಎರಡು ಪದ ಬರೆದುಕೊಂಡೇ ಪೆನ್ಸಿಲ್ ಹಿಡಿಯಿರಿ. ಪುಪ್ಪುಸ ಅಪಧಮನಿ ಮುಂದೆ, ಮಹಾಪಧಮನಿ ಅದರ ಹಿಂದಿನಿಂದ ಎದ್ದು ಎಡಕ್ಕೆ ಕಮಾನಾಗಿ ಬಾಗಲಿ. ಕಮಾನಿನ ಮೇಲೆ ಮೂರು ಕವಲು.

‘ಮಟನ್ ಅಂಗಡಿಯಿಂದ ಮೇಕೆಯ ಹೃದಯ ತಂದು ನೋಡಿ’ ಎಂಬ ಒಂದೇ ಸಾಲು ಬರೆದು ಬಿಟ್ಟಿದ್ದೀರಲ್ಲ, ಲೇಖನದ ಜೀವ ಇರುವುದೇ ಅಲ್ಲಿ. ಬೆಳೆಸಿ. ನಾಳಗಳನ್ನು ಬುಡಕ್ಕೇ ಕತ್ತರಿಸದೆ ಮೂರು ನಾಲ್ಕು ಬೆರಳಷ್ಟು ಉಳಿಸಿ ಕೊಡಲು ಅಂಗಡಿಯವರಿಗೆ ಮೊದಲೇ ಹೇಳಬೇಕು. ಹಿಚುಕಿದಾಗ ಗಟ್ಟಿಯಾಗಿ ಸಿಗುವುದು ಎಡ ಹೃತ್ಕುಕ್ಷಿ. ಮಹಾಪಧಮನಿಯ ಬಾಯಿ ತೆರೆದೇ ನಿಂತಿರುತ್ತದೆ, ಮಹಾಅಭಿಧಮನಿ ಚಪ್ಪಟೆಯಾಗಿ ಬಿದ್ದಿರುತ್ತದೆ. ಮಹಾಪಧಮನಿಯನ್ನು ಉದ್ದಕ್ಕೆ ಸೀಳಿದರೆ ಕವಾಟದ ಮೂರು ಬಟ್ಟಲುಗಳ ಪಕ್ಕದಲ್ಲೇ ಎರಡು ಸಣ್ಣ ತೂತುಗಳು ಕಾಣುತ್ತವೆ, ಕರೋನರಿಗಳ ಬಾಯಿ ಅವೇ. ಮೇಕೆಯ ಕಮಾನಿನಿಂದ ತಲೆ ಮತ್ತು ಮುಂಗಾಲುಗಳ ಕಡೆಗೆ ಒಂದೇ ದಪ್ಪ ಕವಲು ಹೊರಡುತ್ತದೆ. ಇದನ್ನು ಹೇಳದಿದ್ದರೆ ಮಕ್ಕಳು ಮೂರು ಹುಡುಕಿ ಸುಸ್ತಾಗುತ್ತಾರೆ. ಕೈಗವಸು, ಸೋಪು, ಹಿರಿಯರೊಬ್ಬರ ಕೈಯಲ್ಲಿ ಚಾಕು, ಇವನ್ನೂ ಸೇರಿಸಿ.

ಚಿತ್ರವನ್ನು ಪೆನ್ಸಿಲ್ಲಿನಲ್ಲೇ ಕಳಿಸಿ, ಬಣ್ಣ ನಮ್ಮ ಕಲಾವಿದರು ಹಾಕುತ್ತಾರೆ.

— ಸಂಪಾದಕ